ಹೊರಗೆ ಬಿಡುವ ಮುನ್ನ ಇಬ್ಬರನ್ನು ಕೂಡಿಸಿಕೊ

ತಂಗೀ, ನೀನು ಬರೆದ ಪೈಟೆಸ್ಟ್ ಪ್ಲಗಿನ್ ಓಡಿಸಿ ನೋಡಿದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಗುತ್ತೂರಿನಿಂದ ದಾವಣಗೆರೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು, ಓದಿನ ನಡುವೆ ಬಿಡುವು ಮಾಡಿಕೊಂಡು ಇಷ್ಟು ಮಾಡಿದ್ದೀಯಲ್ಲ, ನನಗೆ ಹೆಮ್ಮೆಯಾಯಿತು. ಇದನ್ನು ಓಪನ್ ಸೋರ್ಸ್ ಸಮುದಾಯಕ್ಕೆ ಕೊಡಬೇಕು ಅನ್ನುವ ಆಸೆಯೂ ಒಳ್ಳೆಯದೇ. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲೇ ನೌಕರಿ ಮುಗಿಸಿ ಊರಿಗೆ ಬಂದವನಾಗಿ, ನೀನು ಅದನ್ನು ಹೊರಗೆ ಬಿಡುವ ಮುಂಚೆ ನಾನು ಒಂದೆರಡು ಮಾತು ಹೇಳಬೇಕು.

ಮೊದಲು, ಇಂಥದ್ದು ಈಗಾಗಲೇ ಇದೆಯಾ ಎಂದು ನೋಡು. ಪೈಥಾನ್ ಕೋಡನ್ನು ಪರೀಕ್ಷಿಸುವ ಪೈಟೆಸ್ಟ್ ತನ್ನ ಒಡಲನ್ನು ಚಿಕ್ಕದಾಗಿಟ್ಟುಕೊಂಡು, ಉಳಿದದ್ದನ್ನು ಪ್ಲಗಿನ್‌ಗಳಿಗೆ ಬಿಟ್ಟಿದೆ. ಅದರ ಕೈಪಿಡಿಯಲ್ಲಿರುವ ಪ್ಲಗಿನ್ ಪಟ್ಟಿಯೇ ಸಾವಿರ ದಾಟಿದೆ. ನಿನ್ನ ಪ್ಲಗಿನ್ನಿನ ಅರ್ಧ ಭಾಗ, ಅಂದರೆ ಫಲಿತಾಂಶವನ್ನು ಬಣ್ಣಬಣ್ಣದ ಎಚ್‌ಟಿಎಂಎಲ್ ಪುಟವಾಗಿ ತೋರಿಸುವ ಭಾಗ, ಆಗಲೇ ಬೇರೆಯವರು ಮಾಡಿಟ್ಟಿದ್ದಾರೆ. ವರ್ಷಗಳಿಂದ ನೋಡಿಕೊಳ್ಳುತ್ತಲೂ ಇದ್ದಾರೆ. ಅದನ್ನು ತೆಗೆದುಹಾಕು. ರಾತ್ರಿ ನಿದ್ದೆಗೆಟ್ಟು ಬರೆದದ್ದು ಎಂದು ಬೇಜಾರಾಗಬಹುದು. ಆದರೆ ಚಿಕ್ಕದಾದಷ್ಟೂ ಅದು ಬಾಳುತ್ತದೆ.

ಉಳಿಯುವ ಇನ್ನರ್ಧವಿದೆಯಲ್ಲ, ಕನ್ನಡ ಪಠ್ಯವನ್ನು ಪರೀಕ್ಷಿಸುವ ಭಾಗ, ಅದೇ ನಿನ್ನ ಬಂಡವಾಳ. ಕನ್ನಡ ಯುನಿಕೋಡಿಗೆ ಸೇರಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಆದರೂ ಇವತ್ತಿಗೂ ತಂತ್ರಾಂಶಗಳು ನಮ್ಮ ಲಿಪಿಯ ಮುಂದೆ ಎಡವುತ್ತವೆ. ನಮ್ಮ ಊರಿನ ಹೆಸರನ್ನೇ ತೆಗೆದುಕೊ. ‘ಗುತ್ತೂರು’ ಬರೆಯುವ ಮಗುವಿಗೆ ಅದು ಮೂರು ಅಕ್ಷರ. ಪೈಥಾನಿಗೆ ಎಂಟು ಸಂಕೇತ. ಯುಟಿಎಫ್-8ರಲ್ಲಿ ಉಳಿಸಿದರೆ 24 ಬೈಟು. ಹೆಸರಿಗೆ ಇಪ್ಪತ್ತು ಬೈಟು ಸಾಕು ಎಂದು ಯಾರೋ ಲೆಕ್ಕ ಹಾಕಿದ್ದರೆ ನಮ್ಮ ಊರು ಆ ಅರ್ಜಿಯಲ್ಲಿ ಹಿಡಿಸುವುದೇ ಇಲ್ಲ. ನಾಲ್ಕು ಸಂಕೇತಕ್ಕೆ ಕತ್ತರಿಸಿದರೆ ‘ಗುತ್’ ಎಂದು ನಿಂತುಬಿಡುತ್ತದೆ.

ಇದಕ್ಕಿಂತ ಕಷ್ಟದ್ದು ಕಣ್ಣಿಗೆ ಕಾಣದ ತಪ್ಪು. ‘ನೀರು’ ಎಂಬುದನ್ನು ನಾಲ್ಕು ಸಂಕೇತಗಳಲ್ಲೂ ಬರೆಯಬಹುದು, ಗುಡಿಸನ್ನೂ ದೀರ್ಘವನ್ನೂ ಬೇರೆ ಬೇರೆ ಇಟ್ಟು ಐದರಲ್ಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಎಷ್ಟೋ ಕಡೆ ಹುಡುಕಾಟದಲ್ಲಿ ಮಾತ್ರ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಹಳೆಯ ಮ್ಯಾಕ್ ಕಂಪ್ಯೂಟರುಗಳು ಕಡತದ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನ ಕಡತಗಳನ್ನು ಅರೆಬರೆ ಪರಿವರ್ತಿಸಿದಾಗಲೂ ಇಂಥವು ಉಳಿಯುತ್ತವೆ. ಪಂಚಾಯಿತಿಯ ನೀರಿನ ಕಂದಾಯದ ಪಟ್ಟಿಯಲ್ಲಿ ಹೀಗಾದರೆ ಒಬ್ಬರ ಲೆಕ್ಕವೇ ಕಾಣೆಯಾದಂತೆ. ಇನ್ನು ‘ರ‍್ಯಾಂಕ್’. ಇದು ಸರಿಯಾಗಿ ಕಾಣಬೇಕಾದರೆ ರಕಾರದ ನಂತರ ಕಾಣದ ಒಂದು ಜೋಡಕ ಸಂಕೇತ ಇರಬೇಕು. ‘ಬೇಡದ ಸಂಕೇತ’ ಎಂದು ಯಾವುದೋ ಫಾರ್ಮು ಅದನ್ನು ಒರೆಸಿಹಾಕಿದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ.

ಈ ಮೂರನ್ನು ಹಿಡಿಯಲಿ ನಿನ್ನ ಪ್ಲಗಿನ್, ಸಾಕು. ಕನ್ನಡ ಓದಲು ಬಾರದ ಪ್ರೋಗ್ರಾಮರು ಇವನ್ನು ತಾವಾಗಿ ಕಂಡುಹಿಡಿಯಲಾರರು. ತೋರಿಸಿಕೊಟ್ಟರೆ ಮನಸ್ಸಿಟ್ಟು ಸರಿಪಡಿಸುತ್ತಾರೆ. ಹಾಗೆ ತೋರಿಸುವಾಗ ಒಂದು ನೆನಪಿಡು. ಪರೀಕ್ಷೆ ಸೋತಾಗ ಈಗ ನಿನ್ನ ಪ್ಲಗಿನ್ ‘ನೀರು ಬರಬೇಕಿತ್ತು, ನೀರು ಬಂದಿದೆ’ ಎಂದು ಮುದ್ರಿಸುತ್ತದೆ. ಓದಿದವನಿಗೆ ತಲೆಬುಡ ತಿಳಿಯುವುದಿಲ್ಲ. ಪ್ರತಿ ಸಂಕೇತದ ಯುನಿಕೋಡ್ ಸಂಖ್ಯೆಯನ್ನೂ ಹೆಸರನ್ನೂ ಸಾಲಾಗಿ ತೋರಿಸು. ಸಾಧ್ಯವಾದರೆ ಎಲ್ಲಿಂದ ವ್ಯತ್ಯಾಸ ಶುರುವಾಯಿತು ಎಂದು ಗುರುತು ಹಾಕು. ನನ್ನ ಕೇಳಿದರೆ, ಇಡೀ ಪ್ಲಗಿನ್ನಿನಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಒಂದು ಸಂದೇಶಕ್ಕೆ.

ಇನ್ನು ಪ್ಲಗಿನ್ನನ್ನೇ ಪರೀಕ್ಷಿಸುವ ಮಾತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ಅಂಥ ಕಡೆ ರಂಧ್ರದ ಅಳತೆ ನೋಡಲು ಗೋ, ನೋ-ಗೋ ಗೇಜು ಇರುತ್ತದೆ: ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಗೇಜೇ ಸವೆದಿದ್ದರೆ ಕೆಟ್ಟ ಮಾಲು ಸಲೀಸಾಗಿ ಪಾಸಾಗುತ್ತದೆ. ಅದಕ್ಕೇ ಗೇಜನ್ನೂ ಆಗಾಗ ಪರೀಕ್ಷಿಸುತ್ತಾರೆ. ನಿನ್ನ ಪ್ಲಗಿನ್ನೂ ಹಾಗೆಯೇ. ಸರಿಯಾದ ಪಠ್ಯ ಪಾಸಾಗುತ್ತದೆ ಎಂದು ನೋಡಿದ್ದೀಯ. ಕೆಟ್ಟದ್ದು ಫೇಲಾಗುತ್ತದೆ ಎಂಬುದಕ್ಕೆ ಒಂದು ಟೆಸ್ಟೂ ಇಲ್ಲ. ಪೈಟೆಸ್ಟಿನಲ್ಲೇ ಪೈಟೆಸ್ಟರ್ ಎಂಬ ಸಲಕರಣೆ ಇದೆ, ಪ್ಲಗಿನ್ ಬರೆಯುವವರಿಗಾಗಿಯೇ ಮಾಡಿದ್ದು. ಅದು ತಾತ್ಕಾಲಿಕ ಫೋಲ್ಡರಿನಲ್ಲಿ ಪುಟ್ಟ ಟೆಸ್ಟ್ ಕಡತ ಸೃಷ್ಟಿಸಿ, ಓಡಿಸಿ, ಎಷ್ಟು ಪಾಸು, ಎಷ್ಟು ಫೇಲು ಎಂದು ನಿನಗೆ ಒಪ್ಪಿಸುತ್ತದೆ. ತಾನಾಗಿ ಚಾಲೂ ಇರುವುದಿಲ್ಲ, ಕೇಳಿ ಹಚ್ಚಿಕೊಳ್ಳಬೇಕು.

ಲೈಸೆನ್ಸಿನ ಮಾತು ಬೇಗ ಮುಗಿಸುತ್ತೇನೆ. ಲೈಸೆನ್ಸ್ ಇಲ್ಲದ ಕೋಡನ್ನು ನಕಲಿಸಿ, ಬದಲಿಸಿ ಹಂಚುವ ಹಕ್ಕು ಬೇರೆಯವರಿಗೆ ಇರುವುದಿಲ್ಲ, ಲೈಸೆನ್ಸ್ ಕಡತ ಹಾಕದೆ ಗಿಟ್‌ಹಬ್ಬಿಗೆ ಏರಿಸಬೇಡ. ಪೈಟೆಸ್ಟ್ ಎಂಐಟಿ ಲೈಸೆನ್ಸಿನಲ್ಲಿದೆ, ನೀನೂ ಅದನ್ನೇ ಹಾಕಿಕೊ. ಕಾಲೇಜಿನ ಪ್ರಾಜೆಕ್ಟಾಗಿ ಶುರುವಾದದ್ದರಿಂದ ಜೊತೆಗಿದ್ದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಬರೆ.

ಈಗ ನನಗೆ ಮುಖ್ಯವೆನಿಸಿದ ಮಾತು. ವೆಬ್ ತಾಣಗಳನ್ನು ಪರೀಕ್ಷಿಸುವ ಸೆಲೆನಿಯಂ ಗೊತ್ತಲ್ಲ, 2004ರಲ್ಲಿ ಜೇಸನ್ ಹಗಿನ್ಸ್ ಶುರು ಮಾಡಿದ್ದು. ಜಪಾನಿನ ಶಿನ್ಯಾ ಕಸತಾನಿ ಅದಕ್ಕಾಗಿ ಫೈರ್‌ಫಾಕ್ಸಿನ ಒಂದು ಪ್ಲಗಿನ್ ಬರೆದು 2006ರಲ್ಲಿ ಆ ಯೋಜನೆಗೆ ಕೊಟ್ಟರು. ಅದೇ ಸೆಲೆನಿಯಂ ಐಡಿಇ. ಕೋಡ್ ಬರೆಯಲು ಬಾರದ ಎಷ್ಟೋ ಟೆಸ್ಟರುಗಳು ಅದರಿಂದಲೇ ಕೆಲಸ ಕಲಿತರು. 2017ರ ಆಗಸ್ಟಿನಲ್ಲಿ ಫೈರ್‌ಫಾಕ್ಸ್ 55 ಬಂದಾಗ ಅದು ಕೆಲಸ ಮಾಡುವುದನ್ನು ನಿಲ್ಲಿಸಿತು. ಫೈರ್‌ಫಾಕ್ಸ್ ತಂದ ಪ್ಲಗಿನ್‌ಗಳ ಹೊಸ ವಿಧಾನಕ್ಕೆ ತಿರುಗಿಸಿ ಬರೆಯಲು ಬಿಡುವಿದ್ದವರು ಸಾಕಷ್ಟು ಇರಲಿಲ್ಲ. ಸ್ವಂತ ಸಮಯ ಕೊಟ್ಟು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ. ಮುಂದಿನ ವರ್ಷ ಬೇರೆ ಕೈಗಳು ಬಂದು ಹೊಸದಾಗಿ ಕಟ್ಟಿದ್ದರಿಂದ ಅದು ಮತ್ತೆ ಬದುಕಿತು. ಜಗತ್ತೇ ಬಳಸುತ್ತಿದ್ದ ಸಾಧನಕ್ಕೇ ಹೀಗಾಗಿದೆ.

ಆದ್ದರಿಂದ ಒಬ್ಬಳೇ ಹೊರಬೇಡ. ಪೈಟೆಸ್ಟ್-ಡೆವ್ ಎಂಬ ಗುಂಪು ಪ್ಲಗಿನ್‌ಗಳನ್ನು ತನ್ನ ನೆರಳಿಗೆ ಸೇರಿಸಿಕೊಳ್ಳುತ್ತದೆ. ಅವರು ಕೇಳುವುದು ಹೆಚ್ಚೇನಿಲ್ಲ: ಪೈಟೆಸ್ಟ್ ಎಂದು ಶುರುವಾಗುವ ಹೆಸರಿನಲ್ಲಿ, ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐನಲ್ಲಿರಬೇಕು, ಟೆಸ್ಟುಗಳನ್ನು ಓಡಿಸುವ ವ್ಯವಸ್ಥೆ ಇರಬೇಕು, ಬಳಸುವ ಬಗೆ ಹೇಳುವ ರೀಡ್‌ಮಿ, ಲೈಸೆನ್ಸ್, ದೂರು ದಾಖಲಿಸುವ ಜಾಗ ಇರಬೇಕು. ಜೊತೆಗೆ ಅವರದೊಂದು ಸಲಹೆ ಇದೆ: ಹೊಸ ಆವೃತ್ತಿ ಬಿಡುಗಡೆ ಮಾಡುವ ಹಕ್ಕು ಕಡಿಮೆಯೆಂದರೂ ಮೂವರ ಬಳಿ ಇರಲಿ. ನಿನ್ನ ಪ್ಲಗಿನ್ನನ್ನು ಕಿತ್ತುಕೊಂಡುಬಿಡುತ್ತಾರೇನೋ ಎಂದು ಹೆದರಬೇಕಿಲ್ಲ. ತಿಂಗಳುಗಟ್ಟಲೆ ಕೇಳಿದರೂ ನೀನು ಉತ್ತರಿಸದೆ ಹೋದ ಅಪರೂಪದ ಸಂದರ್ಭ ಬಿಟ್ಟರೆ ಒಡೆತನಕ್ಕೆ ಕೈ ಹಾಕುವುದಿಲ್ಲ ಎಂದು ಅವರೇ ಬರೆದಿಟ್ಟಿದ್ದಾರೆ. ನಾಳೆ ನಿನಗೆ ನೌಕರಿ ಸಿಗುತ್ತದೆ, ಮನೆಯಲ್ಲಿ ಏನೋ ಬರುತ್ತದೆ; ಆಗ ಕೀಲಿ ಇನ್ನಿಬ್ಬರ ಬಳಿ ಇರಬೇಕು.

ಕೋಡ್ ನೋಡಿದವರು ‘ಇದನ್ನು ಬದಲಿಸು’ ಎಂದರೆ ಅದು ಬೈಗುಳವಲ್ಲ, ನಿನ್ನ ಕೆಲಸಕ್ಕೆ ಅವರು ಸಮಯ ಕೊಟ್ಟ ಗುರುತು. ನಿನ್ನ ಇಂಗ್ಲಿಷ್ ಸಾಕು. ಚಿಕ್ಕ ವಾಕ್ಯ ಬರೆ, ತಪ್ಪನ್ನು ಮರುಕಳಿಸುವ ಉದಾಹರಣೆ ಜೊತೆಗಿಡು. ಬೇಡದ ಸೌಲಭ್ಯ ಕೇಳಿದವರಿಗೆ ‘ಆಗುವುದಿಲ್ಲ’ ಎಂದು ಮರ್ಯಾದೆಯಿಂದ ಹೇಳುವುದನ್ನೂ ಕಲಿ.

ನಿನ್ನ ತರಗತಿಯಲ್ಲೇ ಕನ್ನಡದ ಬಗ್ಗೆ ಆಸೆ ಇರುವ ಇಬ್ಬರು ಸಿಗುತ್ತಾರೆ. ಈ ವಾರ ಅವರನ್ನು ಕೂರಿಸಿ ಕೋಡ್ ತೋರಿಸು, ಅವರಿಂದ ಒಂದೊಂದು ಟೆಸ್ಟ್ ಬರೆಸು. ಅವರು ಒಪ್ಪಿದ ಮೇಲೆ ಪೈಪಿಐಗೆ ಏರಿಸು.