ಮಗ್ಗ ನಿಂತ ಓಣಿಯಲ್ಲಿ ಮನೆಯ ಬೆಲೆ

ಕೊಣ್ಣೂರಿನಲ್ಲಿ ಜಾಗಕ್ಕೆ ಎರಡು ಬೆಲೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಗೆ ಹೊಂದಿಕೊಂಡ ಜಾಗ ಕೇಳಿದರೆ ಮಾಲೀಕರು ಗುಂಟೆ ಲೆಕ್ಕ ಬಿಟ್ಟು ಚದರಡಿ ಲೆಕ್ಕ ಹೇಳುತ್ತಾರೆ. ಹೊಳೆ ಕಡೆಯ ಹಳೆಯ ಓಣಿಯಲ್ಲಿ ಮನೆ ಮಾರುತ್ತೇನೆಂದರೂ ಬಂದು ಕೇಳುವವರಿಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಮಲಪ್ರಭೆಯ ದಂಡೆ ಮೀರಿ ಊರೊಳಗೆ ನುಗ್ಗಿತಲ್ಲ, ಆಗ ನಮ್ಮ ಕಾಕಾನ ಮಣ್ಣಿನ ಮೇಲ್ಮುದ್ದೆ ಮನೆಯೂ ಕುಸಿಯಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ಹಣ ಕಂತುಕಂತಾಗಿ ಕೈಸೇರಿದಂತೆ ಕಾಕಾ ತುಸು ಎತ್ತರದಲ್ಲಿದ್ದ ತನ್ನದೇ ಜಾಗದಲ್ಲಿ ಎರಡು ಕೋಣೆ ಎಬ್ಬಿಸಿದ. ಆದರೂ ಪ್ರತಿ ಮಳೆಗಾಲಕ್ಕೆ ಅವನ ಜೀವ ಹೊಳೆ ಕಡೆಗೇ.

ಕಾಕಾನ ಮೊಮ್ಮಗಳಿಗೆ ಕಾಲೇಜು ಬಂತು. ‘ಪೇರಲ ತೋಟ ಅರ್ಧ ಮಾರಿ ಗದಗದಾಗ ಒಂದು ಮನಿ ಹಿಡಿಯೋಣು’ ಎಂದ. ನನ್ನನ್ನು ಕರೆದುಕೊಂಡು ಬೆಟಗೇರಿಗೆ ನಡೆದ.

ಗದಗ–ಬೆಟಗೇರಿ ಅರಳೆ ಮತ್ತು ನೂಲಿನಿಂದ ಉಂಡ ಜೋಡಿ ಊರು. ಎರೆಹೊಲದ ಜಯಧರ ಹತ್ತಿ ಅಲ್ಲಿನ ಜಿನ್ನು, ಪ್ರೆಸ್ಸುಗಳಿಗೆ ಬೀಳುತ್ತಿತ್ತು. ಬೆಟಗೇರಿಯ ಓಣಿಗಳಲ್ಲಿ ಮನೆಮನೆಗೂ ಮಗ್ಗ. ಈಗ ಜಯಧರದ ಹೊಲಗಳಿಗೆ ಗೋವಿನಜೋಳ, ಕಡಲೆ, ಬಿಟಿ ಹತ್ತಿ ಬಂದಿವೆ. ವಿದ್ಯುತ್ ಮಗ್ಗದ ಅಗ್ಗದ ಸೀರೆಯ ಎದುರು ಕೈಮಗ್ಗ ಸೋತಿದೆ.

ನಾವು ನೋಡಿದ ಮನೆ ಒಬ್ಬ ಹಿರಿಯ ನೇಕಾರರದು. ಪಡಸಾಲೆಯಲ್ಲಿ ಮಗ್ಗದ ಕುಣಿ ಹಾಗೇ ಇತ್ತು, ಮೊಳಕಾಲುದ್ದ ಆಳ. ನೇಕಾರ ಅದರ ಅಂಚಿಗೆ ಕೂತು, ಕಾಲು ಕುಣಿಗಿಳಿಸಿ ಹಲಗೆ ತುಳಿಯುತ್ತ ಲಾಳಿ ಹಾರಿಸುವ ಜಾಗ. ಕೂತು ಕೂತು ಅಂಚಿನ ಕಲ್ಲು ನುಣ್ಣಗಾಗಿತ್ತು. ಮಗ್ಗ ಮಾತ್ರ ಇರಲಿಲ್ಲ.

‘ತಮ್ಮಾ, ಕುಣಿ ಮುಚ್ಚಿಸಿ ಫರಸಿ ಹಾಕಿ ಕೊಡ್ಲೇನು?’

‘ಅವಸರ ಇಲ್ರಿ ಅಜ್ಜಾರ. ಮದ್ಲ ಕಾಗದ ನೋಡೋಣ್ರಿ.’

‘ನೋಡ್ರಿ. ಮಗ್ಗ ನಡೀತಿದ್ದಾಗ ಈ ಮನಿ ಕೊಡ್ತೀರೇನಂತ ಯಾರೂ ಕೇಳಿದ್ದಿಲ್ಲ.’

ಅವರು ಹೇಳಿದ ಬೆಲೆ 18 ಲಕ್ಷ. ಹುಬ್ಬಳ್ಳಿಗೆ ಹೋಲಿಸಿದರೆ ಅಗ್ಗವೇ. ಆದರೆ ನಾನು ಪಕ್ಕದ ಮನೆಯಲ್ಲಿ ಬಾಡಿಗೆ ಎಷ್ಟೆಂದು ವಿಚಾರಿಸಿದೆ. ತಿಂಗಳಿಗೆ 4,000 ಎಂದರು. ವರ್ಷಕ್ಕೆ 48,000. ಅಂದರೆ 18 ಲಕ್ಷ ಹಾಕಿದರೆ ನೂರಕ್ಕೆ ಮೂರು ರೂಪಾಯಿಯೂ ಹುಟ್ಟುವುದಿಲ್ಲ. ದುಡಿಮೆ ಹೋದ ಊರಿನಲ್ಲಿ ನಾನು ಮೊದಲು ನೋಡುವುದು ಇದನ್ನೇ. ಮಾಲೀಕರು ಬೆಲೆ ಹೇಳುವಾಗ ಹಿಂದಿನ ವೈಭವ, ಮುಂದಿನ ಆಸೆ ಎರಡನ್ನೂ ಸೇರಿಸಿರುತ್ತಾರೆ. ಬಾಡಿಗೆ ಮಾತ್ರ ಈ ತಿಂಗಳು ಆ ಓಣಿಯವರ ಕೈಗೆ ಬಂದ ಸಂಬಳದ ಮೇಲೆ ನಿಂತಿರುತ್ತದೆ.

ಖರ್ಚು 18ಕ್ಕೇ ನಿಲ್ಲುವುದೂ ಇಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಕೂಡಿದರೆ ಸುಮಾರು 1.37 ಲಕ್ಷ. 12 ಲಕ್ಷ ಸಾಲ ತೆಗೆದು, ಶೇ 8.5 ಬಡ್ಡಿಯಲ್ಲಿ 20 ವರ್ಷ ತೀರಿಸಿದರೆ ತಿಂಗಳ ಕಂತು 10,400 ದಾಟುತ್ತದೆ. ಬಡ್ಡಿಯೊಂದೇ 13 ಲಕ್ಷದ ಹತ್ತಿರ. ನಾಲ್ಕು ಸಾವಿರಕ್ಕೆ ಸಿಗುವ ನೆರಳಿಗೆ ಹತ್ತು ಸಾವಿರ ಕಟ್ಟುವುದು ನನ್ನ ಲೆಕ್ಕಕ್ಕೆ ಕೂಡಲಿಲ್ಲ.

ಕಾಗದದಲ್ಲಿ ಇನ್ನೊಂದು ತೊಡಕು. ಸಿಟಿ ಸರ್ವೆ ಉತಾರದಲ್ಲಿ ಅಜ್ಜನ ಜೊತೆ ತಮ್ಮಂದಿರ ಹೆಸರುಗಳೂ ಇದ್ದವು. ವಾಟ್ನಿ, ಅಂದರೆ ಪಾಲು, ಬಾಯಿಮಾತಿನಲ್ಲಿ ಆಗಿತ್ತೇ ಹೊರತು ನೋಂದಣಿ ಆಗಿರಲಿಲ್ಲ. ನೇಕಾರರ ಓಣಿಯಲ್ಲಷ್ಟೇ ಅಲ್ಲ, ನಮ್ಮ ಹಳ್ಳಿಗಳಲ್ಲೂ ಇದೇ ಕಥೆ. ಹಿಸ್ಸೆದಾರರೆಲ್ಲ ಬಂದು ಸಹಿ ಹಾಕುವತನಕ ಸಂಚಕಾರ ಕೊಡಬಾರದೆಂದು ಕಾಕಾನಿಗೆ ಕಟ್ಟುನಿಟ್ಟಾಗಿ ಹೇಳಿದೆ.

ಬೆಟಗೇರಿಯವರಿಗೆ ಕುಡಿಯುವ ನೀರಿನದೇ ಚಿಂತೆ. ನಳದಲ್ಲಿ ನೀರು ಬಿಡುವ ದಿನಕ್ಕಾಗಿ ಕಾಯಬೇಕು. ಕೊಣ್ಣೂರಿನವರಿಗೆ ಮನೆಗೇ ಬರುವ ನೀರಿನ ಭಯ. ಎರಡೂ ಕಡೆ ಬೆಲೆ ಇಳಿಸಿರುವುದು ನೀರೇ ಎಂದು ಕಾಕಾ ಹೇಳಿದ್ದು ಸುಳ್ಳಲ್ಲ. ಆದರೆ ಪೇರಲ ತೋಟ ಪ್ರತಿ ವರ್ಷ ಫಲ ಕೊಡುತ್ತದೆ, ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟರೆ ಅಂದಂದಿನ ರೊಕ್ಕ ಅಂದೇ ಕೈಗೆ ಬರುತ್ತದೆ. ಅದನ್ನು ಮಾರಿ, ದುಡಿಯದ ಗೋಡೆ ಕೊಳ್ಳುವುದು ನನಗೆ ಸುತರಾಂ ಒಪ್ಪಿಗೆಯಾಗಲಿಲ್ಲ.

ಕೊನೆಗೆ ಅಜ್ಜಾರ ಮನೆಯನ್ನೇ ಬಾಡಿಗೆಗೆ ಹಿಡಿದೆವು. ಮುಂಭಾಗದ ಒಂದು ಕೋಣೆ ಅವರು ತಮಗೇ ಇಟ್ಟುಕೊಂಡರು; ಅವರಿಗೂ ತಿಂಗಳಿಗಿಷ್ಟು ಆದಾಯವಾಯಿತು. ಕುಣಿಯ ಮೇಲೆ ಶಹಾಬಾದ ಫರಸಿ ಬಿದ್ದು, ಅಲ್ಲಿ ಮೊಮ್ಮಗಳ ಓದುವ ಮೇಜು ಬಂತು. ತೋಟ ಉಳಿಯಿತು. ಕೊಣ್ಣೂರಿನ ಹೊಸ ಮನೆಯ ಇ-ಸ್ವತ್ತು ಉತಾರ ಮಾತ್ರ ಇನ್ನೂ ಕಾಕಾನ ಹೆಸರಿಗೆ ಆಗಬೇಕು. ಮುಂದಿನ ವಾರ ಅವನನ್ನು ಕರೆದುಕೊಂಡು ಪಂಚಾಯ್ತಿಗೆ ಹೋಗುತ್ತಿದ್ದೇನೆ.