ಆತ್ಮಪರಿಶೀಲನೆ ಎಂಬ ದಿನನಿತ್ಯದ ಪಾಠ



ಹಸಿವು, ನಿದ್ರೆ, ಭಯಗಳು ಸಕಲ ಪ್ರಾಣಿಗಳಿಗೂ ಸಮಾನವಾದವುಗಳು. ಆದರೆ “ನನಗೆ ಈಗ ಕೋಪ ಬಂದಿದೆ, ಇದಕ್ಕೆ ಕಾರಣವೇನು?” ಎಂದು ತನ್ನ ಮನಸ್ಸನ್ನೇ ವಿಚಾರಿಸುವ ಶಕ್ತಿಯು ಮನುಷ್ಯನಲ್ಲಿ ವಿಶೇಷವಾಗಿ ಬೆಳೆದಿರುವದು. ಇದನ್ನು ಉನ್ನತ ಪ್ರಜ್ಞೆ ಎಂದು ಕರೆಯುವದುಂಟು. ಹೆಸರು ದೊಡ್ಡದಾದ ಮಾತ್ರಕ್ಕೆ ಇದು ಗಿರಿಗುಹೆಗಳಲ್ಲಿ ಮಾತ್ರ ದೊರೆಯತಕ್ಕದ್ದೆಂದು ತಿಳಿಯಬಾರದು. ಅಡಿಗೆಯ ಒಲೆಯ ಮುಂದೆಯೂ ಓದುವ ಮೇಜಿನ ಮುಂದೆಯೂ ಇದರ ಅಭ್ಯಾಸವು ಸಾಧ್ಯವೆಂಬದನ್ನೇ ಇಲ್ಲಿ ವಿವರಿಸಲಿಚ್ಛಿಸುತ್ತೇವೆ.

ಕೂಸಿನ ಮೂಗಿಗೆ ಅದಕ್ಕೆ ತಿಳಿಯದಂತೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ಕೂರಿಸಿದರೆ ಏನಾಗುವದು? ಮೊದಲನೆಯ ವರುಷದಲ್ಲಿ ಅದು ಕನ್ನಡಿಯೊಳಗಿನ ಕೂಸನ್ನು ನೋಡಿ ನಗುವದು. ಹದಿನೆಂಟು ತಿಂಗಳುಗಳಿಂದ ಎರಡು ವರುಷಗಳೊಳಗೆ ಹೆಚ್ಚಿನ ಮಕ್ಕಳು ತಮ್ಮ ಮೂಗನ್ನೇ ಮುಟ್ಟಿಕೊಳ್ಳುವರು. 1970ರಲ್ಲಿ ಗ್ಯಾಲಪ್ ಎಂಬ ಅಮೆರಿಕದ ವಿದ್ವಾಂಸರು ಚಿಂಪಾಂಜಿಗಳೂ ಕನ್ನಡಿಯಲ್ಲಿ ತಮ್ಮನ್ನು ಗುರುತಿಸಬಲ್ಲವೆಂದು ತೋರಿಸಿದರು. ಹೀಗೆ ಮುಖದ ಗುರುತು ಬೆಳವಣಿಗೆಯೊಡನೆ ತಾನಾಗಿ ಬರುವದು. ಮನಸ್ಸಿನ ಗುರುತನ್ನಾದರೋ ಅಭ್ಯಾಸದಿಂದಲೇ ಪಡೆಯಬೇಕು.

ಓದಿನ ವಿಷಯವನ್ನೇ ತೆಗೆದುಕೊಳ್ಳೋಣ. ಪಾಠವನ್ನು ನಾಲ್ಕಾರು ಸಾರಿ ಓದಿದ ಹುಡುಗಿಯು “ನನಗೆಲ್ಲಾ ಬರುತ್ತದೆ” ಎಂದು ನಂಬುವಳು. ಪರೀಕ್ಷೆಯ ಕೋಣೆಯಲ್ಲಿ ಕಣ್ಣೀರಿಡುವಳು. ಅವಳು ಸುಳ್ಳಾಡಲಿಲ್ಲ, ಪರಿಚಯವನ್ನೇ ಜ್ಞಾನವೆಂದು ಭ್ರಮಿಸಿದಳು. 2006ರಲ್ಲಿ ರೋಡಿಗರ್, ಕಾರ್ಪಿಕೆ ಎಂಬವರು ಪ್ರಕಟಿಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗೆ ತಮ್ಮ ಮೇಲೆ ಭರವಸೆ ಹೆಚ್ಚಾಗಿತ್ತು; ಆದರೆ ಒಂದು ವಾರದ ತರುವಾಯ, ಪುಸ್ತಕವನ್ನು ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರಿಗೇ ಪಾಠವು ಹೆಚ್ಚು ನೆನಪಿನಲ್ಲಿತ್ತು. ಪುಸ್ತಕ ಮುಚ್ಚಿ “ನನಗೆ ಏನು ಬರುವದಿಲ್ಲ?” ಎಂದು ಕೇಳಿಕೊಳ್ಳುವದು ಆತ್ಮಪರಿಶೀಲನೆಯ ಮೊದಲನೆಯ ಮೆಟ್ಟಿಲು.

ಎರಡನೆಯದು ನಡತೆಯ ಪರಿಶೀಲನೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎಂಬವರು ಯೌವನದಲ್ಲಿ ಸದ್ಗುಣಗಳ ಪಟ್ಟಿಯೊಂದನ್ನು ಬರೆದು, ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನವಿಟ್ಟು, ಪ್ರತಿದಿನದ ತಪ್ಪಿಗೆ ಪುಸ್ತಕದಲ್ಲಿ ಚುಕ್ಕೆ ಇಡುತ್ತಿದ್ದರು. ತಾವೆಣಿಸಿದ್ದಕ್ಕಿಂತ ಹೆಚ್ಚು ದೋಷಗಳು ತಮ್ಮಲ್ಲಿದ್ದುದನ್ನು ಕಂಡು ಅವರು ಬೆರಗಾದರು. ಪಟ್ಟಿಯಲ್ಲಿ ಮೊದಲು ಹನ್ನೆರಡು ಗುಣಗಳು ಮಾತ್ರ ಇದ್ದವು. “ಜನರು ನಿಮ್ಮನ್ನು ಗರ್ವಿಷ್ಠರೆನ್ನುವರು” ಎಂದು ಸ್ನೇಹಿತರೊಬ್ಬರು ತಿಳಿಸಿದ ಮೇಲೆಯೇ ವಿನಯವು ಹದಿಮೂರನೆಯದಾಗಿ ಸೇರಿತು. ತನ್ನ ಬೆನ್ನು ತನಗೆ ಕಾಣದು. ಆದಕಾರಣ ನಿಜವಾದ ಮಾತನ್ನಾಡುವ ಗೆಳತಿಯನ್ನು ದೂರ ಮಾಡಬೇಡಿರಿ.

ತಂದೆತಾಯಿಗಳಿಗೂ ಈ ಪಾಠವು ಅವಶ್ಯವಾದದ್ದು. ಮಗಳು ಕಡಿಮೆ ಅಂಕಗಳನ್ನು ತಂದಾಗ ಸ್ವರವು ಏರುವದಕ್ಕೆ ಮುಂಚೆ, “ಈ ಸಿಟ್ಟು ಮಗಳ ಹಿತಕ್ಕಾಗಿಯೋ, ನೆರೆಯವರ ಮುಂದೆ ನಮಗಾಗುವ ನಾಚಿಕೆಗಾಗಿಯೋ?” ಎಂದು ಕೇಳಿಕೊಳ್ಳಿರಿ. ಈ ಪ್ರಶ್ನೆಯನ್ನು ಕೇಳಿಕೊಳ್ಳದ ಮನೆಯಲ್ಲಿ ಮಗಳು ಅಂಕಪಟ್ಟಿಯನ್ನು ಬಚ್ಚಿಡಲು ಕಲಿಯುವಳು. ಕ್ರಮೇಣ ತನ್ನ ದುಃಖವನ್ನೂ ಬಚ್ಚಿಡುವಳು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆತ್ಮಪರಿಶೀಲನೆ ಬೇರೆ, ಆತ್ಮನಿಂದೆ ಬೇರೆ. ಒಂದೇ ತಪ್ಪನ್ನು ಹಗಲಿರುಳು ಮೆಲುಕು ಹಾಕುವ ಮನಸ್ಸು ಖಿನ್ನತೆಗೆ ಸುಲಭವಾಗಿ ಗುರಿಯಾಗುವದೆಂದೂ, ಈ ಅಭ್ಯಾಸವು ಹೆಂಗಸರಲ್ಲಿ ಹೆಚ್ಚಾಗಿ ಕಂಡುಬರುವದೆಂದೂ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಗಿಡವನ್ನು ದಿನವೂ ಕಿತ್ತು ಬೇರನ್ನು ನೋಡಿದರೆ ಅದು ಬದುಕಲಾರದು.

ಆದುದರಿಂದ ರಾತ್ರಿ ಮಲಗುವ ಮುಂಚೆ ಐದು ನಿಮಿಷಗಳು ಸಾಕು. ಇಂದು ನಾನು ಏನು ಕಲಿತೆನು? ಯಾರ ಮನಸ್ಸನ್ನು ನೋಯಿಸಿದೆನು? ನಾಳೆ ಬೆಳಿಗ್ಗೆ ಅದನ್ನು ಸರಿಪಡಿಸಲು ಮೊದಲು ಮಾಡತಕ್ಕ ಕೆಲಸವೇನು? ಮೂರನೆಯ ಪ್ರಶ್ನೆಗೆ ಉತ್ತರ ದೊರೆತೊಡನೆ ನಿಶ್ಚಿಂತೆಯಿಂದ ಮಲಗಿರಿ. ಬೆಳಿಗ್ಗೆ ಎದ್ದು ಆ ಕೆಲಸವನ್ನು ಮಾಡಿರಿ.