ವ್ಯಾಯಾಮ ಕಲಿಸುವ ಮುನ್ನ ದೇಹವನ್ನು ಅರಿಯಿರಿ

ಹಿಂದೆ ಗರಡಿ ಮನೆಗಳಲ್ಲಿ ಉಸ್ತಾದರು ಸಾಮು ಕಲಿಸುತ್ತಿದ್ದರು. ಇಂದು ಆ ಸ್ಥಾನದಲ್ಲಿ ಜಿಮ್ ತರಬೇತುದಾರರಿದ್ದಾರೆ. ನೀವೂ ಈ ವೃತ್ತಿಗೆ ಬರಬೇಕೆಂದಿದ್ದರೆ ನಿಮ್ಮ ಸ್ವಂತ ಮೈಕಟ್ಟೊಂದೇ ಸಾಲದು. ನಿಮ್ಮನ್ನು ನಂಬಿ ಬರುವವರ ದೇಹದೊಳಗೆ ಏನು ನಡೆಯುತ್ತದೆ ಎಂಬುದೂ ತಿಳಿದಿರಬೇಕು.

ಸ್ನಾಯು ಮತ್ತು ಕೀಲು

ಸ್ನಾಯುಗಳು ಎಳೆಯಬಲ್ಲವೇ ಹೊರತು ತಳ್ಳಲಾರವು. ಆದ್ದರಿಂದಲೇ ಅವು ಜೋಡಿಯಾಗಿ ಕೆಲಸ ಮಾಡುತ್ತವೆ. ತೋಳಿನ ಮುಂಭಾಗದ ಬೈಸೆಪ್ಸ್ ಮೊಣಕೈಯನ್ನು ಮಡಿಸಿದರೆ, ಹಿಂಭಾಗದ ಟ್ರೈಸೆಪ್ಸ್ ಅದನ್ನು ನೇರಗೊಳಿಸುತ್ತದೆ. ಎರಡಕ್ಕೂ ವ್ಯಾಯಾಮ ಬೇಕು.

ಸ್ನಾಯುವನ್ನು ಮೂಳೆಗೆ ಸೇರಿಸುವುದು ಸ್ನಾಯುರಜ್ಜು. ಮೂಳೆಯನ್ನು ಮೂಳೆಗೆ ಬಿಗಿಯುವುದು ಅಸ್ಥಿರಜ್ಜು. ಇವುಗಳಿಗೆ ರಕ್ತ ಪೂರೈಕೆ ಕಡಿಮೆ. ಸ್ನಾಯು ಬೇಗ ಬಲಗೊಂಡರೂ ಇವು ನಿಧಾನವಾಗಿಯೇ ಗಟ್ಟಿಯಾಗುತ್ತವೆ. ಭಾರವನ್ನು ಹಂತಹಂತವಾಗಿ ಏರಿಸಬೇಕಾದುದು ಇದಕ್ಕಾಗಿಯೇ.

ಯಾವ ನೋವು ಸಹಜ?

ಹೊಸ ವ್ಯಾಯಾಮ ಮಾಡಿದ 24ರಿಂದ 72 ಗಂಟೆಗಳೊಳಗೆ ಮೈಕೈ ನೋವು ಹೆಚ್ಚುವುದು ಸಹಜ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವೆಂಬುದು ತಪ್ಪು ತಿಳಿವಳಿಕೆ. ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಪೆಟ್ಟೇ ಇದರ ಮೂಲ. ಆದರೆ ಕೀಲಿನಲ್ಲಿ ಚುಚ್ಚುವಂತಹ ನೋವು ಅಥವಾ ಊತ ಕಂಡರೆ ವ್ಯಾಯಾಮ ನಿಲ್ಲಿಸಿ.

ಅಭ್ಯಾಸವಿಲ್ಲದವರಿಂದ ಮೊದಲ ದಿನವೇ ನೂರಾರು ಬಸ್ಕಿ ಹೊಡೆಸುವುದು ಅಪಾಯಕರ. ಸ್ನಾಯುವಿನ ಎಳೆಗಳು ಒಡೆದು ಅವುಗಳಲ್ಲಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು. ತೀವ್ರ ನೋವಿನೊಂದಿಗೆ ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕೂಡಲೇ ಆಸ್ಪತ್ರೆಗೆ ಕಳುಹಿಸಿ.

ಹೃದಯದ ಎಚ್ಚರಿಕೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದಾಗ, ವ್ಯಾಯಾಮವೇ ಅಪಾಯವೆಂದು ಅನೇಕರು ಹೆದರಿದರು. ಹಾಗಲ್ಲ. ನಿಯಮಿತ ವ್ಯಾಯಾಮ ಹೃದಯಕ್ಕೆ ಹಿತಕರ. ಆದರೆ ಒಳಗೇ ಅಡಗಿರುವ ಹೃದ್ರೋಗ ದಿಢೀರ್ ಶ್ರಮದಿಂದ ಹೊರಬೀಳಬಹುದು. ಹೊಸಬರನ್ನು ಮೊದಲೇ ಕೇಳಿ: ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇದೆಯೇ? ನಡೆದಾಗ ಎದೆ ನೋಯುತ್ತದೆಯೇ? ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಿಗಾದರೂ ಹೃದಯಾಘಾತವಾಗಿದೆಯೇ? ಒಂದಕ್ಕೆ ಹೌದೆಂದರೂ ವೈದ್ಯರ ಸಲಹೆ ಪಡೆದು ಬರುವಂತೆ ತಿಳಿಸಿ.

ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಎತ್ತುವಾಗ ಉಸಿರು ಬಿಡಲು, ಇಳಿಸುವಾಗ ಎಳೆದುಕೊಳ್ಳಲು ಕಲಿಸಿ.

ಎದೆ ಹಿಂಡಿದಂತಾಗುವುದು, ದವಡೆ ಅಥವಾ ತೋಳಿಗೆ ಹರಡುವ ನೋವು, ತಣ್ಣನೆಯ ಬೆವರು, ತಲೆಸುತ್ತು, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ನಿಲ್ಲಿಸಿ 108ಕ್ಕೆ ಕರೆ ಮಾಡಿ. 'ಗ್ಯಾಸ್ ಇರಬೇಕು' ಎಂದು ಕಾಲ ಕಳೆಯಬೇಡಿ. ವ್ಯಕ್ತಿ ಪ್ರಜ್ಞೆ ತಪ್ಪಿ ಸಹಜವಾಗಿ ಉಸಿರಾಡದಿದ್ದರೆ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುತ್ತಿರಿ. ಇದನ್ನು ಓದಿ ತಿಳಿದರೆ ಸಾಲದು. ತರಬೇತಿ ಪಡೆದು ಕೈಯಾರೆ ಅಭ್ಯಾಸ ಮಾಡಿ. ಡಂಬೆಲ್ ಹಿಡಿಯಲು ಕಲಿಸುವ ಮೊದಲು ನೀವು ಕಲಿತಿರಬೇಕಾದ ಪಾಠವಿದು.